ಫಾರ್ಮಾಸ್ಯೂಟಿಕಲ್ ಸೈನ್ಸ್ ಪಿಎಚ್‌ಡಿ ಅರ್ಜಿ: ಕೈಕೊಟ್ಟ ಪ್ರಾಜೆಕ್ಟ್ ಬಗ್ಗೆ ಬರೆಯಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಫಾರ್ಮಸಿ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಪಿಎಚ್‌ಡಿಗೆ ಅರ್ಜಿ ಹಾಕಬೇಕು ಅಂತಿದ್ದೇನೆ, ಒಲವು ಫಾರ್ಮಾಸ್ಯೂಟಿಕ್ಸ್ (ಔಷಧಿಗೆ ಮಾತ್ರೆ, ಕ್ಯಾಪ್ಸೂಲ್‌ನಂಥ ರೂಪ ಕೊಡುವ ವಿಭಾಗ) ಕಡೆಗೆ. ಆದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಈ ಓದು ಯಾಕೆ ಬೇಕು ಅಂತ ಅರ್ಜಿ ಜೊತೆ ಕೊಡುವ ಬರಹ) ಬರೆಯಲು ಕೂತರೆ ಮೊದಲ ಪ್ಯಾರಾ ದಾಟುತ್ತಿಲ್ಲ. "ಚಿಕ್ಕಂದಿನಿಂದಲೂ ಔಷಧಿಗಳ ಬಗ್ಗೆ ಕುತೂಹಲ" ಅಂತ ಶುರು ಮಾಡಿದ್ದೇನೆ. ಆಮೇಲೆ ಎಚ್‌ಪಿಎಲ್‌ಸಿ, ಯುವಿ, ಡಿಎಸ್‌ಸಿ ಉಪಕರಣಗಳು ಗೊತ್ತು ಅಂತ ಒಂದು ಪಟ್ಟಿ.

ನೀರಲ್ಲಿ ಸರಿಯಾಗಿ ಕರಗದ ಒಂದು ಔಷಧಿಯನ್ನು ಪಿವಿಪಿ ಅನ್ನುವ ಪಾಲಿಮರ್ ಜೊತೆ ಸೇರಿಸಿ ಸಾಲಿಡ್ ಡಿಸ್ಪರ್ಶನ್ (ಔಷಧಿ ಹರಳಾಗದೆ ಪಾಲಿಮರ್‌ನಲ್ಲಿ ಹರಡಿಕೊಂಡಿರುವ ಘನ ಮಿಶ್ರಣ) ಮಾಡಿದ್ದು ನನ್ನ ಪ್ರಾಜೆಕ್ಟ್. ಮೊದಲು ಡಿಸಲ್ಯೂಷನ್ (ಔಷಧಿ ಕರಗುವ ವೇಗ) ತುಂಬ ಚೆನ್ನಾಗಿ ಬಂತು. ಅದೇ ಸ್ಯಾಂಪಲನ್ನು ಕೆಲವು ವಾರ ಬಿಟ್ಟು ನೋಡಿದರೆ ಔಷಧಿ ಬಿಡುಗಡೆ ಕುಸಿದಿತ್ತು. ಹರಳಿದೆಯಾ ಅಂತ ಎಕ್ಸ್-ರೇಯಿಂದ ನೋಡುವ ಎಕ್ಸ್‌ಆರ್‌ಡಿಯಲ್ಲಿ ಹರಳಿನ ಪೀಕ್‌ಗಳು ವಾಪಸ್ ಬಂದಿದ್ದವು. ಪೇಪರ್ ಆಗಲಿಲ್ಲ. ಇದನ್ನು ಎರಡು ಸಾಲಲ್ಲಿ ಮುಗಿಸಿಬಿಡಲಾ? ಇನ್ನೊಂದು ವಿಷಯ, ರೆಕಮೆಂಡೇಶನ್ ಲೆಟರ್ ವಿಭಾಗದ ಮುಖ್ಯಸ್ಥರಿಂದ ತಗೊಳ್ಳಲಾ, ಪ್ರಾಜೆಕ್ಟ್ ಗೈಡ್ ಹತ್ತಿರ ಕೇಳಲಾ?

ಉತ್ತರ 1

ದಯವಿಟ್ಟು ಎರಡು ಸಾಲಲ್ಲಿ ಮುಗಿಸಬೇಡಿ. ನಿಮ್ಮ ಅರ್ಜಿಯ ಜೀವಾಳವೇ ಅದು.

ನಾನು ಫಾರ್ಮುಲೇಶನ್‌ನಲ್ಲಿ ಪಿಎಚ್‌ಡಿ ಮಾಡಿ ಅದೇ ಕೆಲಸದಲ್ಲಿದ್ದೇನೆ. ನಿಮಗಾದದ್ದು ಕಂಪನಿಗಳಿಗೂ ಆಗಿದೆ. ರಿಟೊನಾವಿರ್ ಅಂತ ಎಚ್‌ಐವಿ ಔಷಧಿ ಇದೆಯಲ್ಲ, ಅದು 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಅದರ ಹೊಸ ಹರಳು ರೂಪ ಕಾಣಿಸಿಕೊಂಡಿತು. ಅದು ಹಳೆಯದಕ್ಕಿಂತ ಎಷ್ಟೋ ಕಡಿಮೆ ಕರಗುತ್ತಿತ್ತು. ಕ್ಯಾಪ್ಸೂಲ್‌ಗಳು ಡಿಸಲ್ಯೂಷನ್ ಪರೀಕ್ಷೆಯಲ್ಲಿ ಸೋತವು, ಅಬಾಟ್ ಕಂಪನಿ ಅವುಗಳ ಮಾರಾಟ ನಿಲ್ಲಿಸಬೇಕಾಯಿತು. ಔಷಧಿಯ ಅಣು ಅದೇ. ಅಣುಗಳು ಜೋಡಣೆಯಾದ ರೀತಿ ಮಾತ್ರ ಬೇರೆ. ಅಷ್ಟಕ್ಕೇ ರೋಗಿಗಳ ಕೈಗೆ ಕ್ಯಾಪ್ಸೂಲ್ ಸಿಗದ ಹಾಗಾಯಿತು. ಅದೇ ಔಷಧಿಯ ಮಾತ್ರೆ 2010ರಲ್ಲಿ ಬಂತು, ಅದೂ ಪಾಲಿಮರ್ ಜೊತೆ ಕರಗಿಸಿ ಮಾಡಿದ ಸಾಲಿಡ್ ಡಿಸ್ಪರ್ಶನ್ ಆಗಿ! ನೀವು ಲ್ಯಾಬ್‌ನಲ್ಲಿ ಎದುರಿಸಿದ್ದು ಇದೇ ಜಾತಿಯ ಸಮಸ್ಯೆ.

ಈಗ ನಿಮ್ಮ ಸ್ಯಾಂಪಲ್‌ಗೆ ಬರೋಣ. ಹರಳು ಯಾಕೆ ವಾಪಸ್ ಬಂತು ಅಂತ ನಿಮಗೆ ಏನನ್ನಿಸುತ್ತದೆ? ಪಿವಿಪಿ ಗಾಳಿಯ ತೇವವನ್ನು ಚೆನ್ನಾಗಿ ಹೀರುತ್ತದೆ. ನೀರು ಒಳಗೆ ಹೋದರೆ ಗ್ಲಾಸ್ ಟ್ರಾನ್ಸಿಷನ್ ತಾಪಮಾನ (ಗಾಜಿನಂತೆ ಗಟ್ಟಿಯಾಗಿರುವ ಮಿಶ್ರಣ ಮೆದುವಾಗುವ ತಾಪಮಾನ) ಇಳಿಯುತ್ತದೆ. ಆಗ ಅಣುಗಳಿಗೆ ಓಡಾಡಲು ಜಾಗ ಸಿಕ್ಕಿ ಅವು ಮತ್ತೆ ಹರಳಾಗುತ್ತವೆ. ಇದು ಒಂದು ಸಾಧ್ಯತೆ. ಇಲ್ಲವೇ ಪಾಲಿಮರ್ ತಡೆದುಕೊಳ್ಳುವುದಕ್ಕಿಂತ ಜಾಸ್ತಿ ಔಷಧಿ ತುಂಬಿರಬಹುದು. ಈ ಎರಡನ್ನು ಬೇರೆ ಮಾಡಿ ನೋಡುವುದು ಹೇಗೆ? ಒಂದೇ ಬ್ಯಾಚ್‌ನ ಒಂದು ಭಾಗ ಒಣ ಜಾಗದಲ್ಲಿ, ಇನ್ನೊಂದು ಭಾಗ 40 ಡಿಗ್ರಿ ಸೆಲ್ಸಿಯಸ್ ಮತ್ತು 75% ತೇವಾಂಶದಲ್ಲಿ ಇಡಬಹುದು. ಔಷಧಿಯ ಪ್ರಮಾಣ ಕಡಿಮೆ ಮಾಡಿ ಇನ್ನೊಂದು ಬ್ಯಾಚ್ ಮಾಡಬಹುದು. ಪಿವಿಪಿ ಬದಲು ಅಷ್ಟು ತೇವ ಹೀರದ ಎಚ್‌ಪಿಎಂಸಿ-ಎಎಸ್ ಅನ್ನುವ ಪಾಲಿಮರ್ ಹಾಕಿ ನೋಡಬಹುದು. ಪ್ರಯೋಗ ಈಗಲೇ ಮುಗಿದಿರಬೇಕು ಅಂತೇನಿಲ್ಲ. ಇಷ್ಟನ್ನು ನಿಮ್ಮದೇ ಮಾತಲ್ಲಿ ಬರೆದರೆ ಸಾಕು, ಇವರಿಗೆ ಯೋಚಿಸಲು ಬರುತ್ತೆ ಅಂತ ಓದುವವರಿಗೆ ತಿಳಿಯುತ್ತದೆ. ಉಪಕರಣ ನಡೆಸುವುದನ್ನು ಅಲ್ಲಿ ಹೋದ ಮೇಲೂ ಕಲಿಸುತ್ತಾರೆ, ಅದಕ್ಕೆ ಪಟ್ಟಿಗಿಂತ ಇದು ಮುಖ್ಯ. ಚಿಕ್ಕಂದಿನ ಕುತೂಹಲದ ಸಾಲು ತೆಗೆದುಬಿಡಿ. ಅದು ನಿಜವೇ ಇರಬಹುದು, ಆದರೆ ಎಲ್ಲರ ಅರ್ಜಿಯಲ್ಲೂ ಇರುತ್ತದೆ.

ಯೂನಿವರ್ಸಿಟಿಯ ಹೆಸರು ನೋಡಿ ಆರಿಸಬೇಡಿ. ಒಂದೇ ವಿಭಾಗದಲ್ಲಿ ಒಬ್ಬರು ಲಿಪಿಡ್ ನ್ಯಾನೊಪಾರ್ಟಿಕಲ್ ಮೇಲೆ, ಇನ್ನೊಬ್ಬರು ಔಷಧಿ ಲಿವರ್‌ನಲ್ಲಿ ಒಡೆಯುವುದರ ಮೇಲೆ ಕೆಲಸ ಮಾಡುತ್ತಿರುತ್ತಾರೆ. ಹರಳು, ಅಮಾರ್ಫಸ್ (ಹರಳಲ್ಲದ) ರೂಪಗಳ ಮೇಲೆ ಕೆಲಸ ಮಾಡುವ ಪ್ರೊಫೆಸರ್ ಅಲ್ಲಿ ಇದ್ದಾರಾ ನೋಡಿ. ಅವರ ಇತ್ತೀಚಿನ ಪೇಪರ್ ಪೂರ್ತಿ ಓದಿ, ಆಮೇಲೆ ಚಿಕ್ಕದಾಗಿ ಮೇಲ್ ಮಾಡಿ. ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ತಗೊಳ್ಳುತ್ತಾರಾ, ಸ್ಟೈಪೆಂಡ್ ಇದೆಯಾ ಅಂತ ನೇರವಾಗಿ ಕೇಳಿ. ಅದರಲ್ಲಿ ಸಂಕೋಚ ಬೇಡ.

ಉತ್ತರ 2

ಲೆಟರ್ ಬಗ್ಗೆ ನಾನು ಹೇಳುತ್ತೇನೆ. ಗೈಡ್ ಹತ್ತಿರವೇ ತಗೊಳ್ಳಿ. ಮುಖ್ಯಸ್ಥರಿಗೆ ನಿಮ್ಮ ಮುಖಪರಿಚಯ ಅಷ್ಟೇ ಇದ್ದರೆ "ಶ್ರಮಜೀವಿ, ಶಿಸ್ತಿನ ವಿದ್ಯಾರ್ಥಿ" ಅಂತ ಬರೆದು ಕೊಡುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹಳೇ ಸ್ಯಾಂಪಲನ್ನು ಮತ್ತೆ ತೆಗೆದು ಪರೀಕ್ಷಿಸಿದ್ದನ್ನು ನೋಡಿದವರು ಗೈಡ್ ತಾನೆ? ಅದನ್ನೇ ಬರೆಯಲು ಕೇಳಿಕೊಳ್ಳಿ. ಸ್ಟೇಟ್‌ಮೆಂಟ್ ಡ್ರಾಫ್ಟ್, ಅಂಕಪಟ್ಟಿ, ಕೊನೆಯ ದಿನಾಂಕ ಎಲ್ಲ ಒಟ್ಟಿಗೆ ಕೊಟ್ಟರೆ ಅವರಿಗೂ ಸುಲಭ.

ಜಿಆರ್‌ಇ ಪ್ರವೇಶ ಪರೀಕ್ಷೆ ಬೇಕಾ ಅಂತ ಪ್ರತಿ ಪ್ರೋಗ್ರಾಂನ ಪುಟದಲ್ಲೂ ನೋಡಿ. ಕೆಲವು ಕಡೆ ಕೇಳುತ್ತಾರೆ, ಕೆಲವು ಕಡೆ ಕೈಬಿಟ್ಟಿದ್ದಾರೆ. ಫಾರ್ಮ್‌ಡಿ ಮತ್ತು ಪಿಎಚ್‌ಡಿ ಒಂದೇ ಅಂದುಕೊಂಡು ಅರ್ಜಿ ತುಂಬುವವರೂ ಇದ್ದಾರೆ. ಫಾರ್ಮ್‌ಡಿ ರೋಗಿಗಳ ಜೊತೆ ಕೆಲಸ ಮಾಡುವವರ ಪದವಿ. ನಿಮಗೆ ಬೇಕಿರುವುದು ಪಿಎಚ್‌ಡಿಯೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬ ಥ್ಯಾಂಕ್ಸ್. ಹೀಗೆ ಶುರು ಮಾಡಿದರೆ ಹೇಗೆ? "ನಾನು ತಯಾರಿಸಿದ ಸಾಲಿಡ್ ಡಿಸ್ಪರ್ಶನ್ ಮೊದಲು ಚೆನ್ನಾಗಿ ಕರಗಿತು, ಕೆಲವು ವಾರಗಳಲ್ಲಿ ಮತ್ತೆ ಹರಳಾಯಿತು. ತೇವಾಂಶವೇ ಕಾರಣ ಎಂದು ನನ್ನ ಊಹೆ. ಅದನ್ನು ಪರೀಕ್ಷಿಸುವ ದಾರಿಗಳನ್ನು ಕಲಿಯಬೇಕೆಂದು ಅರ್ಜಿ ಹಾಕುತ್ತಿದ್ದೇನೆ."

ಉತ್ತರ 1

ಮೊದಲ ಎರಡು ಸಾಲು ಬಹಳ ಚೆನ್ನಾಗಿದೆ, ಮುಟ್ಟಬೇಡಿ. "ನನ್ನ ಊಹೆ" ಅಂತ ನಿಲ್ಲಿಸದೆ, ಯಾಕೆ ಹಾಗನ್ನಿಸಿತು ಅಂತ ಒಂದು ಸಾಲು ಸೇರಿಸಿ. ಸ್ಯಾಂಪಲ್ ಯಾವ ಡಬ್ಬಿಯಲ್ಲಿತ್ತು, ಮುಚ್ಚಿತ್ತಾ, ಸಿಲಿಕಾ ಜೆಲ್ ಹಾಕಿದ್ದಿರಾ ಅನ್ನುವುದೆಲ್ಲ ನಿಮ್ಮ ಲ್ಯಾಬ್ ಪುಸ್ತಕದಲ್ಲಿ ಇರುತ್ತದೆ, ಅಲ್ವಾ? ಕೊನೆಯ ಸಾಲಲ್ಲಿ "ದಾರಿಗಳನ್ನು ಕಲಿಯಬೇಕು" ಅನ್ನುವ ಬದಲು ನೀವು ಮಾಡಬೇಕೆಂದಿರುವ ಒಂದು ಪ್ರಯೋಗದ ಹೆಸರು ಹೇಳಿ. ಪೂರ್ತಿ ಡ್ರಾಫ್ಟ್ ಆದಮೇಲೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.