ಸಿಪಿಯು ಕೌಂಟರ್ ಓದಿದರೆ ಪ್ರತಿ ಸಲ 0 ಬರುತ್ತಿದೆ, ಯಾಕೆ?

ಹಿಂಜವಡಿ ಹುಡುಗ:
ನಮಸ್ಕಾರ ಎಲ್ಲರಿಗೂ. ಊರು ಧಾರವಾಡ, ಕೆಲಸ ಪುಣೆಯಲ್ಲಿ. ವಿಂಡೋಸ್ ಸರ್ವರ್ ಮೇಲೆ ನಮ್ಮದೊಂದು ಸಿ ಶಾರ್ಪ್ ಸರ್ವಿಸ್ ಇದೆ. ಅದರಲ್ಲಿ 5 ಸೆಕೆಂಡಿಗೊಮ್ಮೆ ಪರ್ಫಾರ್ಮೆನ್ಸ್ ಕೌಂಟರ್ (ಸಿಸ್ಟಮ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ವಿಂಡೋಸ್ ಅಂಕಿ) ಓದಿ ಸಿಪಿಯು ಲೋಡ್ ಲಾಗ್ ಮಾಡಬೇಕು, ಆದರೆ ಅದನ್ನು ಓದುವ ನೆಕ್ಸ್ಟ್‌ವ್ಯಾಲ್ಯೂ ಮೆಥಡ್ ಕರೆದಾಗಲೆಲ್ಲ 0 ಬರುತ್ತದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ 60 ಚಿಲ್ಲರೆ ಇರುತ್ತದೆ. ಜೊತೆಗೆ ಸೆಕೆಂಡಿಗೆ ಎಷ್ಟು ಆರ್ಡರ್ ಬಂತು ಅಂತ ನಮ್ಮದೇ ಕೌಂಟರ್ ಬರೆಯಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಆಗುತ್ತದೆ, ಸರ್ವರಿನಲ್ಲಿ ಪರ್ಮಿಷನ್ ಎರರ್. ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಡೊಂಬಿವಲಿ ಕನ್ನಡಿಗ:
ಕೌಂಟರ್ ಆಬ್ಜೆಕ್ಟನ್ನು ಲೂಪ್ ಒಳಗೆ ಪ್ರತಿ ಸಲ ಹೊಸದಾಗಿ ಮಾಡುತ್ತಿದ್ದೀರಿ ಅಲ್ವಾ? ಕರೆಂಟ್ ಮೀಟರ್ ಒಂದೇ ಸಲ ನೋಡಿದರೆ ಈ ತಿಂಗಳು ಎಷ್ಟು ಯೂನಿಟ್ ಓಡಿತು ಅಂತ ಹೇಳೋಕೆ ಆಗಲ್ಲ, ಹಿಂದಿನ ರೀಡಿಂಗ್ ಬೇಕು. ಸಿಪಿಯು ಪರ್ಸೆಂಟೂ ಹಾಗೇ, ಎರಡು ರೀಡಿಂಗ್ ನಡುವಿನ ಲೆಕ್ಕ. ಹೊಸ ಆಬ್ಜೆಕ್ಟಿಗೆ ಹಿಂದಿನ ರೀಡಿಂಗ್ ಇರಲ್ಲ, ಅದಕ್ಕೇ 0. ಒಂದು ಸಲ ಮಾಡಿ ಇಟ್ಟುಕೊಳ್ಳಿ. ಮೊದಲ ರೀಡಿಂಗ್ ಬಿಟ್ಟುಬಿಡಿ, ಕಡಿಮೆ ಅಂದರೂ 1 ಸೆಕೆಂಡ್ ಬಿಟ್ಟು ಮತ್ತೆ ಓದಿ.

ವಾಸ್ಕೋ ಅಕ್ಕ:
ಪರ್ಮಿಷನ್ ವಿಷಯ ನಾನು ಹೇಳುತ್ತೇನೆ. ಹೊಸ ಕೌಂಟರ್ ಕೆಟಗರಿ (ಕೌಂಟರ್‌ಗಳ ಗುಂಪು) ಮಾಡಿದರೆ ಅದು ವಿಂಡೋಸ್ ಸೆಟ್ಟಿಂಗ್ ಇಡುವ ರಿಜಿಸ್ಟ್ರಿಯಲ್ಲಿ ಬರೆಯುತ್ತದೆ, ಅದಕ್ಕೆ ಅಡ್ಮಿನ್ ಬೇಕು. ಹಾಗಂತ ಸರ್ವಿಸನ್ನೇ ಅಡ್ಮಿನ್ ಆಗಿ ಓಡಿಸಬೇಡಿ, ದಯವಿಟ್ಟು. ಕೆಟಗರಿ ಮಾಡುವ ಕೆಲಸ ಇನ್‌ಸ್ಟಾಲರ್‌ಗೆ ಕೊಡಿ, ಸರ್ವಿಸ್ ಸುಮ್ನೆ ಅಂಕಿ ಬರೆಯಲಿ. ಕೌಂಟರಿನ ರೀಡ್‌ಓನ್ಲಿ ಫಾಲ್ಸ್ ಮಾಡೋದು ಮರೆಯಬೇಡಿ, ಇಲ್ಲದಿದ್ದರೆ ಬರೆಯೋಕೆ ಆಗಲ್ಲ. ಆರ್ಡರ್ ಬೇರೆ ಬೇರೆ ಥ್ರೆಡ್‌ನಿಂದ (ಒಂದೇ ಪ್ರೋಗ್ರಾಮಿನಲ್ಲಿ ಒಟ್ಟಿಗೇ ಓಡುವ ಕೆಲಸದ ಎಳೆ) ಬರುತ್ತಿದ್ದರೆ ಒಂದೊಂದೇ ಕೂಡಿಸುವ ಇನ್‌ಕ್ರಿಮೆಂಟ್ ಮೆಥಡ್ ಬಳಸಿ. ಕೌಂಟರಿನ ಕಚ್ಚಾ ಅಂಕಿ ಇರುವ ರಾವ್ಯಾಲ್ಯೂಗೆ ನೇರವಾಗಿ ಕೂಡಿಸಿದರೆ ವೇಗ ಸಿಗುತ್ತದೆ, ಆದರೆ ನಡುವೆ ಎಣಿಕೆ ತಪ್ಪುತ್ತದೆ.

ಹಿಂಜವಡಿ ಹುಡುಗ:
ಅಣ್ಣ, ಲೂಪಿನಿಂದ ಹೊರಗೆ ತಂದ ಕೂಡಲೇ ಸರಿ ಆಯಿತು! ಅಕ್ಕ, ಇನ್‌ಸ್ಟಾಲರ್ ಬದಲಾಯಿಸುತ್ತಿದ್ದೇನೆ. ಆದರೆ ನಮ್ಮ ಪ್ರೊಸೆಸ್ ಒಂದರದ್ದೇ ಓದಿದರೆ 140 ಬರುತ್ತಿದೆ, 100ಕ್ಕಿಂತ ಜಾಸ್ತಿ ಹೇಗೆ?

ಡೊಂಬಿವಲಿ ಕನ್ನಡಿಗ:
ಅದು ಎಲ್ಲಾ ಕೋರ್ ಸೇರಿಸಿದ ಲೆಕ್ಕ, ಪ್ರೊಸೆಸರ್‌ಕೌಂಟ್‌ನಿಂದ (ಕೋರ್‌ಗಳ ಸಂಖ್ಯೆ) ಭಾಗಿಸಿ. ಇನ್ನೊಂದು, ಅದೇ ಹೆಸರಿನ ಎರಡು ಪ್ರೊಸೆಸ್ ಓಡುತ್ತಿದ್ದರೆ ಎರಡನೆಯದಕ್ಕೆ ಹೆಸರಿನ ಕೊನೆಗೆ #1 ಸೇರುತ್ತದೆ. ಮೊದಲನೆಯದು ನಿಂತರೆ ಆ ಹೆಸರೂ ಬದಲಾಗುತ್ತದೆ, ನೀವು ಬೇರೆಯವರ ಅಂಕಿ ಓದುತ್ತಾ ಕೂರುತ್ತೀರಿ. ಪ್ರೊಸೆಸಿನ ಗುರುತಿನ ಸಂಖ್ಯೆ ಕೊಡುವ ಐಡಿ ಪ್ರೊಸೆಸ್ ಅನ್ನೋ ಕೌಂಟರ್ ಓದಿ ತಾಳೆ ನೋಡಿಕೊಳ್ಳಿ.