ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಕಲ್ಲಾಯ್ತು, 2009ರ ಡೀಸೆಲ್ ಎಸ್‌ಯುವಿ, ದಯವಿಟ್ಟು ಯಾರಾದ್ರೂ ಹೇಳಿ

ಕುಡ್ಲದ ಡೀಸೆಲ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ ಆಯ್ತಾ. ನನ್ನ ಹತ್ರ ಇರುದು 2009 ಮಾಡೆಲ್ ದೊಡ್ಡ ಎಸ್‌ಯುವಿ, ವಿ6 ಡೀಸೆಲ್, ಆಟೋಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಪವರ್, ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಈಗ 1,42,000 ಕಿಮೀ ಆಗಿದೆ. ಕಂಪನಿ ಹೆಸ್ರು ಹಾಕುದಿಲ್ಲ, ಹಾಕಿದ್ರೆ ಮಾತು ಬೇರೆ ಕಡೆ ಹೋಗ್ತದೆ, ನನಗೆ ಬೇಕಾದ್ದು ಪರಿಹಾರ.

ಹೋದ ಆದಿತ್ಯವಾರ ಅಮ್ಮನನ್ನು ಕರ್ಕೊಂಡು ಚಿಕ್ಕಮಗಳೂರಿಂದ ಬರ್ತಾ ಇದ್ದೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಚಾರ್ಮಾಡಿ ಇಳಿಯಲಿಕ್ಕೆ ಶುರು ಮಾಡಿದ್ದು, ಜಡಿಮಳೆ, ಎದುರು ಬರುವ ಬಸ್ಸಿನ ಲೈಟ್ ಮಾತ್ರ ಕಾಣ್ತಾ ಇತ್ತು. ನಾಲ್ಕೈದು ತಿರುವು ಆದ ಮೇಲೆ ಪೆಡಲ್ ಒತ್ತಿದ್ರೆ ಕೆಳಗೇ ಹೋಗ್ಲಿಲ್ಲ, ಗೋಡೆಗೆ ಕಾಲು ಕೊಟ್ಟ ಹಾಗೆ. ಡ್ಯಾಶ್‌ಬೋರ್ಡ್ ಅಡಿಯಿಂದ ಸೈಕಲ್ ಟಯರಿನ ಗಾಳಿ ಬಿಟ್ಟ ಹಾಗೆ ಸ್ಸ್ಸ್ ಅಂತ ಶಬ್ದ. ಎರಡೂ ಕಾಲು ಹಾಕಿ, ಸೀಟಿಗೆ ಬೆನ್ನು ಕೊಟ್ಟು ಒತ್ತಿದ ಮೇಲೆ ಗಾಡಿ ಸ್ವಲ್ಪ ಹಿಡೀತು. ಗೇರ್ ಮ್ಯಾನುವಲ್‌ಗೆ ಹಾಕಿ ಎರಡು, ಆಮೇಲೆ ಒಂದು, ಹಾಗೇ ತೆವಳಿಸಿಕೊಂಡು ಕೆಳಗೆ ಬಂದೆ. ಅಮ್ಮ ಹಿಂದಿನಿಂದ ಎಂತ ಆಯ್ತು ಮಗಾ ಅಂತ ಎರಡು ಸಲ ಕೇಳಿದ್ರು, ನನಗೆ ಬಾಯೇ ಬರ್ಲಿಲ್ಲ.

ಮರುದಿನ ಒಂದು ಗ್ಯಾರೇಜಲ್ಲಿ ಮುಂದಿನ ಡಿಸ್ಕ್, ನಾಲ್ಕೂ ಕಡೆ ಪ್ಯಾಡ್ ಹೊಸತು ಹಾಕಿದ್ರು, 38 ಸಾವಿರ ಆಯ್ತು. ಎರಡನೇ ದಿನ ಮನೆ ಗೇಟಿನ ಹತ್ರ ರಿವರ್ಸ್ ತೆಗೆಯುವಾಗ ಪುನಃ ಅದೇ ಕಲ್ಲು ಪೆಡಲ್. ಇನ್ನೊಂದು ಕಡೆ ತೋರಿಸಿದ್ರೆ ಎಬಿಎಸ್ ಯೂನಿಟ್, ಅಂದ್ರೆ ಬ್ರೇಕ್ ಹಾಕುವಾಗ ಚಕ್ರ ಲಾಕ್ ಆಗದ ಹಾಗೆ ನೋಡುದು, ಹೋಗಿದೆ, 2.6 ಲಕ್ಷ ಅಂದ್ರು. ಎಬಿಎಸ್ ಲೈಟ್ ಒಂದು ದಿನ ಸಹ ಬಂದದ್ದಿಲ್ಲ. ಎಂತ ಮಾಡುದು ಮಾರಾಯ್ರೆ?

ಬೆಳಗಾವಿ ಗಾಡಿ:

ನಂಗೂ ಚೋರ್ಲಾ ಘಾಟ್ ಇಳಿಯೂವಾಗ ಬ್ರೇಕ್ ಹೋಗಿತ್ರಿ. ಪೆಡಲ್ ಸ್ಪಂಜ್ ಆಗಿ ಪೂರ್ತಿ ತಳಕ್ಕ ಹೋತು. ಬ್ರೇಕ್ ಆಯಿಲ್ ನಾಕ್ ವರ್ಷ ಬದಲೇ ಮಾಡಿದ್ದಿಲ್ಲ, ಕರೀ ಚಾ ಆದಂಗ ಆಗಿತ್ತು. ಹೊಸ ಆಯಿಲ್ ಹಾಕ್ಸಿ ಏರ್ ತಗಸ್ರಿ, ಸರಿ ಹೋಗ್ತದ.

ಹಳೇ ಸ್ಪ್ಯಾನರ್:

ಬೆಳಗಾವಿಯವ್ರು ಹೇಳಿದ್ದು ಸತ್ಯ, ಆದ್ರೆ ಅದು ಬೇರೆ ಕಾಯಿಲೆ ಸಾರ್. ಇಪ್ಪತ್ತೆರಡು ವರ್ಷ ಬ್ರೇಕ್ ಕೆಲಸ ಮಾಡ್ದೋನು ನಾನು, ಗಾಡಿ ಬಂದ ತಕ್ಷಣ ಮೊದ್ಲು ಕೇಳೋದು ಒಂದೇ, ಪೆಡಲ್ ಮೆತ್ತಗಾಯ್ತಾ ಗಟ್ಟಿಯಾಯ್ತಾ ಅಂತ. ಅದನ್ನ ಕೇಳ್ದೆ ಪ್ಯಾಡ್ ಬಿಚ್ಚೋದು ಜ್ವರ ನೋಡ್ದೆ ಮಾತ್ರೆ ಕೊಟ್ಟಂಗೆ.

ಪೆಡಲ್ ಮೆತ್ತಗಾಗಿ ತಳಕ್ಕೆ ಹೋದ್ರೆ ಆಯಿಲ್ ಕಡೆ ನೋಡ್ಬೇಕು, ಏರ್ ಇರಬಹುದು, ಪೆಡಲ್ ಒತ್ತಿದಾಗ ಆಯಿಲ್‌ನ ಚಕ್ರದ ಕಡೆ ತಳ್ಳೋ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿರಬಹುದು, ಇಲ್ಲಾ ಆಯಿಲ್ ಕುದ್ದಿರಬಹುದು. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದಿಯಲ್ಲ, ಆದ್ರೆ ಅದು ಗಾಳಿಲಿರೋ ನೀರು ಹೀರ್ಕೊಳತ್ತೆ, ನೂರರಲ್ಲಿ ಮೂರೂಮುಕ್ಕಾಲು ಪಾಲು ನೀರು ಸೇರ್ತು ಅಂದ್ರೆ 155ಕ್ಕೇ ಕುದಿಯೋ ಹಂಗಾಗತ್ತೆ. ಎರಡು ವರ್ಷಕ್ಕೊಂದ್ಸಲ ಬದ್ಲಾಯ್ಸಿ ಅನ್ನೋದು ಇದಕ್ಕೇ. ಘಾಟಿಲಿ ಎಷ್ಟು ಬಿಸಿ ಹುಟ್ಟತ್ತೆ ಅಂತ ಲೆಕ್ಕ ಹಾಕಿ ನೋಡಿ, 2,200 ಕೆಜಿ ಗಾಡಿ ಬರೀ 100 ಮೀಟರ್ ಎತ್ತರ ಇಳಿದ್ರೆ ಬರೋ ಶಕ್ತಿಲಿ ಆರೇಳು ಲೀಟರ್ ತಣ್ಣೀರು ಕುದಿಯೋ ಹದಕ್ಕೆ ಬರತ್ತೆ, ಇಂಜಿನ್ ತಡೀಲಿಲ್ಲ ಅಂದ್ರೆ ಬಹುಪಾಲು ಡಿಸ್ಕೇ ನುಂಗ್ಬೇಕು. ನ್ಯೂಟ್ರಲ್ ಹಾಕಿ ಘಾಟಿ ಇಳಿಸೋರು ದಯವಿಟ್ಟು ಇವತ್ತೇ ಬಿಡಿ.

ಪೆಡಲ್ ಗಟ್ಟಿಯಾಗಿ ಜೊತೆಗೆ ಸ್ಸ್ ಅಂತ ಗಾಳಿ ಶಬ್ದ ಅಂದ್ರೆ ಬೂಸ್ಟರ್ ಕಡೆ ನೋಡ್ಬೇಕು. ಬೂಸ್ಟರ್ ಅಂದ್ರೆ ವ್ಯಾಕ್ಯೂಮ್, ಅಂದ್ರೆ ಗಾಳಿ ಹೀರಿ ಖಾಲಿ ಮಾಡಿದ ಜಾಗದ ಬಲದಿಂದ ನಿಮ್ಮ ಕಾಲಿನ ಒತ್ತಡ ಹೆಚ್ಚಿಸೋ ಡಬ್ಬ. ನಿಮ್ಮ ಬ್ರೇಕ್ ಸತ್ತಿಲ್ಲ, ನಿಮ್ಮ ಕಾಲಿಗೆ ಸಿಗ್ತಿದ್ದ ಸಹಾಯ ಸತ್ತಿದೆ. ಡೀಸೆಲ್ ಇಂಜಿನ್ನಲ್ಲಿ ಪೆಟ್ರೋಲ್ ತರ ತಾನಾಗೇ ವ್ಯಾಕ್ಯೂಮ್ ಬರಲ್ಲ, ಅದಕ್ಕೆ ಅಂತಾನೇ ಇಂಜಿನ್ ಮೇಲೆ ಒಂದು ವ್ಯಾಕ್ಯೂಮ್ ಪಂಪ್ ಇರತ್ತೆ, ಅಲ್ಲಿಂದ ಹೋಸ್, ಮಧ್ಯೆ ಗಾಳಿನ ಒಂದೇ ಕಡೆಗೆ ಬಿಡೋ ಒಂದು ಚೆಕ್ ವಾಲ್ವ್, ಆಮೇಲೆ ಬೂಸ್ಟರ್ ಡಬ್ಬ. ಈ ನಾಲ್ಕರಲ್ಲಿ ಒಂದು ಹೋಗಿದೆ.

ಗಾಡಿನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಆಫ್ ಇರ್ಲಿ, ಪೆಡಲ್ ಐದಾರು ಸಲ ಒತ್ತಿ, ಗಟ್ಟಿಯಾಗತ್ತೆ, ಕಾಲು ತೆಗೀದೆ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗೇ ಒಂದಿಷ್ಟು ಕೆಳಗಿಳೀಬೇಕು, ಇಳೀಲಿಲ್ಲ ಅಂದ್ರೆ ಸಹಾಯ ಬರ್ತಿಲ್ಲ. ಆಮೇಲೆ ನಿಂತಲ್ಲೇ ಇಂಜಿನ್ ಎರಡು ನಿಮಿಷ ಓಡಿಸಿ ಆಫ್ ಮಾಡಿ, ಪೆಡಲ್ ಮುಟ್ದೆ ಹತ್ತು ನಿಮಿಷ ಬಿಟ್ಟು ಒತ್ತಿ. ಮೊದಲನೇ ಒತ್ತು ಮೆತ್ತಗಿರ್ಬೇಕು. ಮೊದಲನೇದೇ ಕಲ್ಲಾದ್ರೆ ವ್ಯಾಕ್ಯೂಮ್ ಎಲ್ಲೋ ಸೋರ್ತಿದೆ. ಕೊನೇಗೆ ಹೋಸ್‌ನ ಬೂಸ್ಟರ್ ಕಡೆಯಿಂದ ಕಿತ್ತು ಗೇಜ್ ಹಾಕ್ಸಿ, ಎಸಿ ಮೆಕ್ಯಾನಿಕ್ ಹತ್ರ ಇರೋ ನೀಲಿ ಗೇಜೇ ಸಾಕು, ಸೊನ್ನೆ ಕೆಳಗೆ 25 ಇಂಚು (ಪಾದರಸದ ಅಳತೆ) ದಾಟಿದ್ರೆ ಪಂಪ್ ಚೆನ್ನಾಗಿದೆ ಅಂತ.

ಅಲ್ಲಿವರೆಗೂ ಗಾಡಿನ ರಸ್ತೆಗೆ ಇಳಿಸ್ಬೇಡಿ, ಮನೆ ಹತ್ರ ಅಂಗಡಿಗೂ ಬೇಡ.

ಬೆಳಗಾವಿ ಗಾಡಿ:

ಹೌದ್ರಿ, ನಾ ಗಟ್ಟಿ ಅನ್ನೂದನ್ನ ಸರಿ ಓದಿದ್ದಿಲ್ಲ. ಒಂದು ಕೇಳ್ತೀನ್ರಿ, ಹಿಂಗ ಗಟ್ಟಿ ಆದಾಗ ಪೆಡಲ್ ಪಂಪ್ ಮಾಡ್ಬೇಕೋ ಬ್ಯಾಡೋ?

ಹಳೇ ಸ್ಪ್ಯಾನರ್:

ಬಹಳ ಒಳ್ಳೆ ಪ್ರಶ್ನೆ. ಬೇಡ. ಮೆತ್ತಗಾದ್ರೆ ಪಂಪ್ ಮಾಡಿ, ಗಟ್ಟಿಯಾದ್ರೆ ಮಾಡ್ಬೇಡಿ. ಬೂಸ್ಟರಲ್ಲಿ ಅಳಿದುಳಿದ ವ್ಯಾಕ್ಯೂಮ್ ಒಂದೊಂದು ಒತ್ತಿಗೂ ಖರ್ಚಾಗತ್ತೆ, ಎರಡು ಮೂರು ಒತ್ತಿಗೆ ಖಾಲಿ. ಒಂದೇ ಸಲ ಒತ್ತಿ, ಇರೋ ಬಲ ಎಲ್ಲ ಹಾಕಿ, ಬಿಡ್ದೆ ಹಿಡ್ಕೊಳಿ, ಗೇರ್ ಇಳಿಸಿ. ಕುಡ್ಲದವ್ರು ಅವತ್ತು ಮಾಡಿದ್ದು ಅದೇ, ಅದಕ್ಕೇ ಇವತ್ತು ಇಲ್ಲಿ ಬರೀತಿದ್ದಾರೆ.

ಕುಡ್ಲದ ಡೀಸೆಲ್:

ಟೆಸ್ಟ್ ಮಾಡಿದೆ. ಸ್ಟಾರ್ಟ್ ಮಾಡಿದಾಗ ಪೆಡಲ್ ಒಂದು ಬೆರಳಿನಷ್ಟು ಸಹ ಇಳೀಲಿಲ್ಲ, ಶಬ್ದ ಮಾತ್ರ ಬಂತು. ಹತ್ತು ನಿಮಿಷ ಬಿಟ್ಟು ಒತ್ತಿದ್ರೆ ಮೊದಲನೇದೇ ಕಲ್ಲು. ನೆರೆಮನೆಯ ಎಸಿ ಕೆಲಸದವರು ಗೇಜ್ ತಂದು ಹಾಕಿದ್ರು, 26 ತೋರಿಸ್ತು, ಇಂಜಿನ್ ಆಫ್ ಮಾಡಿದ್ರೂ ಮುಳ್ಳು ಅಲ್ಲೇ ನಿಂತಿತ್ತು. ಹಾಗಾದ್ರೆ ಪಂಪ್, ಹೋಸ್, ವಾಲ್ವ್ ಮೂರೂ ಸರಿ ಅಂತ ಅಲ್ವಾ?

ಹಳೇ ಸ್ಪ್ಯಾನರ್:

ಸರಿ. ಉಳಿದಿದ್ದು ಬೂಸ್ಟರ್ ಒಂದೇ. ವೈಪರ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ತೆಗ್ದು ಬೂಸ್ಟರಿನ ಅಡಿಭಾಗ ನೋಡಿ, ಮೇಲ್ಗಡೆ ನೋಡಿ ಬಿಟ್ಬಿಡ್ಬೇಡಿ. ಕರಾವಳಿ ಗಾಡಿ, ಮಳೆ, ಉಪ್ಪು ಗಾಳಿ, ನನಗೆ ಅನುಮಾನ ಅಲ್ಲೇ ಇದೆ.

ಇದು ಹಳೇ ಗಾಡಿಗಳಿಗೆ ಹೊಸ ಕಥೆ ಏನಲ್ಲ. 2022ರ ಜೂನ್‌ನಲ್ಲಿ ಮರ್ಸಿಡಿಸ್ ಬೆಂಜ್ ಜಗತ್ತಿನಾದ್ಯಂತ ಹತ್ತಿರ ಹತ್ತಿರ ಹತ್ತು ಲಕ್ಷ ಗಾಡಿ ರಿಕಾಲ್ ಮಾಡ್ತು, ಅಂದ್ರೆ ದೋಷ ಸರಿ ಮಾಡೋಕೆ ವಾಪಸ್ ಕರೀತು, 2004ರಿಂದ 2015ರೊಳಗೆ ತಯಾರಾದ ಎಂಎಲ್, ಜಿಎಲ್, ಆರ್ ಕ್ಲಾಸ್. ಬೂಸ್ಟರಿಗೆ ಸುತ್ತಿದ್ದ ರಬ್ಬರ್ ಕವಚದ ಅಡಿ ನೀರು ನಿಂತು ತುಕ್ಕು ಹಿಡಿಯೋದು ಕಾರಣ. ಚೆಕ್ ಆಗೋವರೆಗೂ ಗಾಡಿ ಓಡಿಸಲೇಬೇಡಿ ಅಂತ ಅಮೆರಿಕದ ಮಾಲೀಕರಿಗೆ ಹೇಳಿದ್ರು. ತುಕ್ಕು ಜೋರಾಗಿರೋ ಕೆಲವು ಗಾಡಿಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಬೂಸ್ಟರೇ ಒಡೆದು ಪೆಡಲಿಗೂ ಬ್ರೇಕಿಗೂ ಸಂಬಂಧ ತಪ್ಪಿಹೋಗ್ಬಹುದು ಅನ್ನೋ ಭಯ ಅದು. ಅದಕ್ಕೇ ನಾನು ಅಂಗಡಿಗೂ ಬೇಡ ಅಂದಿದ್ದು. ನಿಮ್ಮದು ಯಾವ ಕಂಪನಿ ಆದ್ರೂ ಸರಿ, ಚಾಸಿ ನಂಬರ್ ಕೊಟ್ಟು ಬಾಕಿ ರಿಕಾಲ್ ಇದ್ಯಾ ಅಂತ ಕೇಳಿ.

ಕುಡ್ಲದ ಡೀಸೆಲ್:

ನಂದು ಆ ಕಂಪನಿಯ ಗಾಡಿ ಅಲ್ಲ, ಚಾಸಿ ನಂಬರಲ್ಲಿ ರಿಕಾಲ್ ಸಹ ಎಂತದ್ದೂ ಇಲ್ಲ. ಆದ್ರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ತಟ್ಟೆ ತೆಗೆದ್ರೆ ಒಳಗೆ ಗೋಳಿಮರದ ಎಲೆ ಕೊಳೆತು ಗೊಬ್ಬರ ಆಗಿದೆ. ನಾನು ಗಾಡಿ ನಿಲ್ಲಿಸುದು ಅದರ ಅಡಿಯಲ್ಲೇ. ನೀರು ಹೋಗುವ ತೂತು ಪೂರ್ತಿ ಬಂದ್, ಎರಡು ಇಂಚು ಕೆಸರು ನೀರು ನಿಂತಿತ್ತು. ಬೂಸ್ಟರಿನ ಅಡಿಗೆ ಅಂಟಿದ್ದ ಸ್ಪಂಜ್ ಹಿಂಡಿದ್ರೆ ಕಂದು ನೀರು. ಸ್ಪಂಜ್ ಎಳೆದ ಕೂಡ್ಲೇ ತಗಡು ಹಪ್ಪಳದ ಹಾಗೆ ಪದರ ಪದರ ಎದ್ದು ಬಂತು, ಸ್ಕ್ರೂಡ್ರೈವರ್ ತುದಿ ಸುಮ್ಮನೆ ಇಟ್ಟದ್ದು, ಒಳಗೆ ಹೋಯ್ತು. ಇದನ್ನು ನಂಬಿ ನಾನು ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿಸಿದ್ದು.

ಬೆಂಗಳೂರಿನ ಗುಜರಿಯಲ್ಲಿ ಇದೇ ಬೂಸ್ಟರ್ 9 ಸಾವಿರಕ್ಕೆ ಉಂಟಂತೆ, ಹೊಸತಿಗೆ 46 ಸಾವಿರ. ತರಬಹುದಾ?

ಹಳೇ ಸ್ಪ್ಯಾನರ್:

ಬೇಡ ಸಾರ್. ಬಾಗಿಲು, ಬಂಪರ್, ಸೀಟು ಏನ್ ಬೇಕಾದ್ರೂ ಗುಜರಿಯಿಂದ ತನ್ನಿ, ನಾನೇ ಶಿವಾಜಿನಗರ ಸುತ್ತಿ ತಂದಿದ್ದೀನಿ. ಬೂಸ್ಟರ್ ಮಾತ್ರ ಬೇಡ. ಅದೂ ಹದಿನೈದು ವರ್ಷದ ತಗಡು, ಅದೂ ಯಾವುದೋ ಮಳೇಲಿ ನೆಂದಿರತ್ತೆ, ಮೇಲೆ ಬಣ್ಣ ಹೊಡೆದಿದ್ರೆ ಒಳಗಿನ ರಬ್ಬರ್ ಹೇಗಿದೆ ಅಂತ ಯಾರಿಗೂ ಕಾಣಲ್ಲ.

ಹೊಸದು ಹಾಕೋವಾಗ ಮಾಸ್ಟರ್ ಸಿಲಿಂಡರ್ ಹಿಂಬದಿ ಬೆರಳಿಟ್ಟು ನೋಡಿ, ಒದ್ದೆ ಇದ್ರೆ ಅದರ ಸೀಲೂ ಹೋಗಿದೆ, ಆ ಆಯಿಲ್ ಹೊಸ ಬೂಸ್ಟರಿನ ರಬ್ಬರನ್ನೂ ತಿಂದ್ಹಾಕತ್ತೆ. ಚೆಕ್ ವಾಲ್ವ್, ಅದರ ರಬ್ಬರ್ ಬುಷ್ ಹೊಸದೇ ಹಾಕ್ಸಿ. ಗಾಡಿನ ಗ್ಯಾರೇಜಿಗೆ ಓಡಿಸ್ಕೊಂಡು ಹೋಗ್ಬೇಡಿ, ನಾಲ್ಕು ಚಕ್ರಕ್ಕೂ ಪವರ್ ಇರೋ ಗಾಡಿ, ಎರಡು ಚಕ್ರ ನೆಲದ ಮೇಲಿಟ್ಟು ಎಳೆದ್ರೆ ಗೇರ್ ಪೆಟ್ಟಿಗೆಗೆ ಪೆಟ್ಟು, ಪೂರ್ತಿ ಹೊತ್ಕೊಂಡು ಹೋಗೋ ಲಾರಿನೇ ಕರೀರಿ.

ಸಕಲೇಶಪುರ ಕಾಫಿ:

ನಡುವೆ ಬಂದೆ, ಕ್ಷಮಿಸಿ. ನಮ್ಮ ತೋಟದಲ್ಲಿ ಹಳೇ ಲ್ಯಾಂಡ್ ಕ್ರೂಸರ್ 100 ಇದೆ, ಬ್ರೇಕ್ ಒತ್ತಿದಾಗ ಬಾನೆಟ್ ಒಳಗೆ ಮೋಟರ್ ಗುರ್ರ್ ಅಂತ ಬಹಳ ಹೊತ್ತು ಓಡತ್ತೆ. ಇದೇ ಟೆಸ್ಟ್ ಮಾಡ್ಲಾ?

ಹಳೇ ಸ್ಪ್ಯಾನರ್:

ಇಲ್ಲ, ನಿಮ್ಮದರಲ್ಲಿ ವ್ಯಾಕ್ಯೂಮ್ ಡಬ್ಬನೇ ಇರಲ್ಲ. ಆ ಮೋಟರ್ ಬ್ರೇಕ್ ಆಯಿಲ್‌ನ ಒತ್ತಡದಲ್ಲಿ ತುಂಬಿಡತ್ತೆ, ಒತ್ತಡ ನಿಲ್ತಿಲ್ಲ ಅಂದ್ರೆ ಮೋಟರ್ ಮತ್ತೆ ಮತ್ತೆ ಓಡತ್ತೆ. ಬಜರ್ ಹೊಡ್ಕೊಂಡ್ರೆ ಅಲ್ಲೇ ನಿಲ್ಲಿಸ್ಬೇಕು. ಅದು ದೊಡ್ಡ ವಿಷಯ, ಬೇರೆ ಪ್ರಶ್ನೆ ಹಾಕಿ, ಬರೀತೀನಿ.

ಕುಡ್ಲದ ಡೀಸೆಲ್:

ಮೂರು ವಾರ ಆಯ್ತು, ಹೇಳಿ ಹೋಗುವ ಅಂತ ಬಂದೆ. ಹೊಸ ಬೂಸ್ಟರ್, ವಾಲ್ವ್, ಬುಷ್, ಡಾಟ್ 4 ಆಯಿಲ್, ಕೂಲಿ ಎಲ್ಲ ಸೇರಿ 61 ಸಾವಿರ. ಮಾಸ್ಟರ್ ಸಿಲಿಂಡರ್ ಹಿಂದೆ ಒಣಗಿತ್ತು. ಎಬಿಎಸ್ ಯೂನಿಟನ್ನು ಯಾರೂ ಮುಟ್ಲಿಲ್ಲ. ಈಗ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಒತ್ತಿದ್ರೂ ಮೊದಲನೇದು ಮೆತ್ತಗೆ ಇಳೀತದೆ, ದಿನಾ ನೋಡ್ತೇನೆ. ಮೊನ್ನೆ ಒಬ್ಬನೇ ಚಾರ್ಮಾಡಿ ಹತ್ತಿ, ಎರಡನೇ ಗೇರಲ್ಲಿ ಇಳಿದು ಬಂದೆ, ಶಬ್ದ ಇಲ್ಲ, ಪೆಡಲ್ ಒಂದೇ ಸಮ. ಗಾಡಿ ಈಗ ಗೋಳಿಮರದಿಂದ ಆಚೆ, ತಗಡಿನ ಮಾಡಿನ ಅಡಿ ಉಂಟು. ಅಮ್ಮನಿಗೆ ಮುಂದಿನ ವಾರ ಪುನಃ ಚಿಕ್ಕಮಗಳೂರಿಗೆ ಹೋಗ್ಲಿಕ್ಕೆ ಉಂಟು, ಹೋಗುವ ಅಂದೆ.