ಟರ್ಕಿಯಲ್ಲಿ ಆರ್ಟೆಮಿಸ್ ಗುಡಿ, ಮೌಸೋಲಸ್ ಸಮಾಧಿ: ನೋಡಿ ಬಂದವ್ರು ಸ್ವಲ್ಪ ಹೇಳಿ

ಕೇಳಿದವರು, ಮೈಸೂರು:
ನಮಸ್ಕಾರ ಎಲ್ರಿಗೂ. ಸೆಪ್ಟೆಂಬರ್ ಕೊನೆಗೆ ಟರ್ಕಿಯ ಪಶ್ಚಿಮ ಕರಾವಳಿ ಕಡೆ ಹೊರಟಿದೀವಿ, ನಾನು, ನನ್ನ ಹೆಂಡ್ತಿ, ನಮ್ಮಪ್ಪ. ಅಪ್ಪ ಹೈಸ್ಕೂಲಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವ್ರು, ಪ್ರಾಚೀನ ಏಳು ಅದ್ಭುತಗಳ ಪಟ್ಟಿನ ವರ್ಷಗಟ್ಲೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದವ್ರು, ಅದ್ರಲ್ಲಿ ಎರಡು ಇರೋದು ಅಲ್ಲೇ, ಎಫೆಸಸ್ ಅನ್ನೋ ಹಾಳುಬಿದ್ದ ಪ್ರಾಚೀನ ಪಟ್ಟಣದ ಹತ್ರ ಗ್ರೀಕ್ ದೇವಿ ಆರ್ಟೆಮಿಸ್ ಗುಡಿ, ಬೋಡ್ರಮ್‌ನಲ್ಲಿ ಮೌಸೋಲಸ್ ರಾಜನ ಸಮಾಧಿ. ಆದ್ರೆ ಹೋಗಿಬಂದ ಫ್ರೆಂಡ್ ಒಬ್ರು "ಒಂದು ಕಡೆ ಒಂದು ಕಂಬ, ಇನ್ನೊಂದು ಕಡೆ ಒಂದು ಗುಂಡಿ, ಸುಮ್ನೆ ಟೈಮ್ ವೇಸ್ಟ್" ಅಂದ್ರು. ನಿಜಾನಾ? ಅಪ್ಪಂಗೆ ಮಂಡಿ ನೋವು ಬೇರೆ, ಅವ್ರನ್ನ ಅಷ್ಟು ದೂರ ಕರ್ಕೊಂಡೋಗಿ ಬೇಜಾರು ಮಾಡೋಕೆ ಇಷ್ಟ ಇಲ್ಲ. ಎಲ್ಲಿ ಎಷ್ಟು ಟೈಮ್ ಕೊಡ್ಬೇಕು, ಏನು ಬಿಡ್ಬಹುದು ಅಂತ ಅನುಭವ ಇರೋರು ದಯವಿಟ್ಟು ಹೇಳಿ.

ಬೆಂಗಳೂರಿಂದ:
ಸರ್, ಕಂಬ ಒಂದೇ ಅನ್ನೋದು ನಿಜ. ಅದೂ ಹಾಗೇ ಉಳ್ಕೊಂಡ ಕಂಬ ಅಲ್ಲ, ಅಲ್ಲಿ ಬಿದ್ದಿದ್ದ ಬೇರೆ ಬೇರೆ ತುಂಡುಗಳನ್ನ 1970ರ ದಶಕದಲ್ಲಿ ಒಂದರ ಮೇಲೊಂದು ಜೋಡಿಸಿ ನಿಲ್ಸಿರೋದು, ತುದಿಯಲ್ಲಿ ಕೊಕ್ಕರೆ ಗೂಡು, ಸುತ್ತ ಜೌಗು ನೆಲ, ಅಲ್ಲಿನ ಚಳಿಗಾಲದ ಮಳೆ ಆದ ಮೇಲೆ ಹೋದ್ರೆ ನೀರು ನಿಂತಿರತ್ತೆ. ಪ್ಲಿನಿ ಅನ್ನೋ ರೋಮನ್ ಲೇಖಕ ಬರೆದಿರೋ ಪ್ರಕಾರ ಅಲ್ಲಿದ್ದಿದ್ದು 127 ಕಂಬ, ಒಂದೊಂದು 60 ಅಡಿ. ಕ್ರಿ.ಪೂ. 356ರಲ್ಲಿ ಹೆರೋಸ್ಟ್ರಾಟಸ್ ಅನ್ನೋನು ತನ್ನ ಹೆಸರು ಉಳೀಲಿ ಅನ್ನೋ ಒಂದೇ ಆಸೆಗೆ ಬೆಂಕಿ ಇಟ್ಟ, ಮತ್ತೆ ಕಟ್ಟಿದ್ರು, ಕ್ರಿ.ಶ. ಮೂರನೇ ಶತಮಾನದಲ್ಲಿ ಗೋಥರು ಅನ್ನೋ ಜರ್ಮನಿಕ್ ಬುಡಕಟ್ಟಿನವರು ಬಂದು ಲೂಟಿ ಮಾಡಿದ್ರು, ಆಮೇಲೆ ಉಳಿದ ಕಲ್ಲೆಲ್ಲ ಸುತ್ತಮುತ್ತಲ ಕಟ್ಟಡಗಳಿಗೆ ಹೋಯ್ತು. ಕೊನೆಗೆ ಗುಡಿ ಯಾವ ಜಾಗದಲ್ಲಿತ್ತು ಅನ್ನೋದೇ ಜನಕ್ಕೆ ಮರೆತುಹೋಯ್ತು!

ಅದನ್ನ ಹುಡುಕಿದ ಕಥೆ ನಿಮ್ಮ ತಂದೆಯವ್ರಿಗೆ ಖಂಡಿತ ಹಿಡಿಸತ್ತೆ. ಜಾನ್ ಟರ್ಟಲ್ ವುಡ್ ಅಂತ ಒಬ್ಬ ಇಂಗ್ಲಿಷ್ ಎಂಜಿನಿಯರ್, ರೈಲ್ವೆ ಕೆಲಸಕ್ಕೆ ಅಂತ ಆ ಕಡೆ ಬಂದವನು, 1863ರಲ್ಲಿ ಅಗೆಯೋಕೆ ಶುರು ಮಾಡ್ದ, ಬ್ರಿಟಿಷ್ ಮ್ಯೂಸಿಯಂ ದುಡ್ಡು ಕೊಡ್ತಿತ್ತು, ವರ್ಷಗಟ್ಲೆ ಅಗೆದ್ರೂ ಗುಡಿ ಸಿಗ್ಲಿಲ್ಲ. ಆಮೇಲೆ ಎಫೆಸಸ್ ಥಿಯೇಟರ್‌ನಲ್ಲಿ ಒಂದು ದೊಡ್ಡ ಗ್ರೀಕ್ ಶಾಸನ ಸಿಕ್ತು. ಕ್ರಿ.ಶ. 104ರದ್ದು, ಸಲುಟಾರಿಸ್ ಅನ್ನೋ ಶ್ರೀಮಂತ ಚಿನ್ನ ಬೆಳ್ಳಿ ಮೂರ್ತಿಗಳನ್ನ ದಾನ ಕೊಟ್ಟಿದ್ದು, ಅವನ್ನ ಗುಡಿಯಿಂದ ಹೊರಡ್ಸಿ ಊರಿನ ಮೆಗ್ನೀಷಿಯಾ ಬಾಗಿಲ ಮೂಲಕ ಥಿಯೇಟರ್‌ಗೆ ತಂದು ಇನ್ನೊಂದು ಬಾಗಿಲಿಂದ ವಾಪಸ್ ಒಯ್ಯಬೇಕು ಅಂತ ದಾರಿ ಸಮೇತ ಬರೆದಿದೆ. ನಮ್ಮಲ್ಲಿ ಉತ್ಸವಮೂರ್ತಿ ಯಾವ ಬೀದಿಗೆ ಹೋಗಿ ಯಾವ ಬೀದಿಲಿ ಬರ್ಬೇಕು ಅಂತ ಕಟ್ಟುಪಾಡು ಇರತ್ತಲ್ಲ, ಥೇಟ್ ಹಂಗೇ. ವುಡ್ ಮೊದ್ಲು ಬಾಗಿಲು ಹುಡುಕ್ದ, ಅಲ್ಲಿಂದ ಮೆರವಣಿಗೆ ದಾರಿ ಹಿಡ್ಕೊಂಡು ಅಗೀತಾ ಅಗೀತಾ ಹೋದ, 1869ರ ಡಿಸೆಂಬರ್ 31ಕ್ಕೆ ಸುಮಾರು 20 ಅಡಿ ಹೂಳಿನ ಕೆಳಗೆ ಅಮೃತಶಿಲೆಯ ನೆಲ ಸಿಕ್ತು. ಇದನ್ನ ತಿಳ್ಕೊಂಡು ಆ ಕಂಬದ ಮುಂದೆ ನಿಲ್ಲೋದಕ್ಕೂ ಏನೂ ತಿಳಿದೆ ನಿಲ್ಲೋದಕ್ಕೂ ತುಂಬಾ ವ್ಯತ್ಯಾಸ ಇದೆ ಸರ್. ಎಫೆಸಸ್ ಪಕ್ಕದ ಸೆಲ್ಚುಕ್ ಪೇಟೆಯಿಂದ ನಡೆಯೋಷ್ಟೇ ದೂರ, ಅರ್ಧ ಗಂಟೆ ಸಾಕು, ಬಿಡ್ಬೇಡಿ.

ಆಮೇಲೆ ಸೆಲ್ಚುಕ್ ಮ್ಯೂಸಿಯಂ. ಎಫೆಸಸ್‌ನ ಆರ್ಟೆಮಿಸ್ ದೇವಿಯ ರೋಮನ್ ಕಾಲದ ದೊಡ್ಡ ಮೂರ್ತಿಗಳು ಇರೋದು ಅಲ್ಲಿ. ಎದೆ ತುಂಬ ಸಾಲು ಸಾಲು ಉಬ್ಬು, ಅದು ಮೊಲೆನಾ, ಮೊಟ್ಟೆನಾ, ಬಲಿಕೊಟ್ಟ ಹೋರಿಗಳ ವೃಷಣನಾ ಅಂತ ವಿದ್ವಾಂಸರು ಇನ್ನೂ ವಾದ ಮಾಡ್ತಾನೇ ಇದಾರೆ. ಗುಡಿ ಹೋದ್ರೂ ದೇವ್ರು ಉಳ್ಕೊಂಡಿದಾಳೆ, ನನ್ನ ಪ್ರಕಾರ ಇದನ್ನ ನೋಡಿದ ಮೇಲೇನೇ ಕಂಬದ ಹತ್ರ ಹೋಗ್ಬೇಕು.

ಧಾರವಾಡದಿಂದ:
ಮಂಡಿ ನೋವು ಅಂದ್ರಿ ಅಲ್ರೀ, ಅದಕ್ಕ ಹೇಳ್ತೀನಿ. ಎಫೆಸಸ್‌ಗೆ ಎರಡು ಗೇಟ್ ಅದಾವ, ಟ್ಯಾಕ್ಸಿಯವಗ ಮ್ಯಾಲಿನ ಗೇಟಿಗೆ ಬಿಡು ಅಂತ ಹೇಳ್ರಿ, ಅಲ್ಲಿಂದ ಇಳಿಜಾರು ಹಿಡದು ಕೆಳಗಿನ ಗೇಟಿಗೆ ಬರಬೇಕು, ಉಲ್ಟಾ ಹೋದ್ರ ಏರು ಹತ್ತಬೇಕಾಗ್ತದ. ಅಮೃತಶಿಲೆ ಹಾಸಿದ ಬೀದಿ, ಎರಡು ಸಾವಿರ ವರ್ಷ ಮಂದಿ ತುಳದು ತುಳದು ನುಣ್ಣಗಾಗೇತಿ, ಹಿಡಿತ ಇರೋ ಬೂಟು ಹಾಕಸ್ರಿ, ಕೈಯಾಗ ಒಂದು ಕೋಲು ಇದ್ರ ಚಲೋ. ನೆರಳು ಭಾಳ ಕಡಿಮಿ, ಬೆಳಿಗ್ಗೆ ಗೇಟ್ ತೆಗೆಯೂದ್ರಾಗ ಅಲ್ಲಿರ್ರಿ, ಹತ್ತು ಗಂಟೆ ಮ್ಯಾಲ ಹಡಗಿನ ಟೂರ್ ಗುಂಪು ಬಂದು ಬಿಡ್ತಾವ.

ಸೆಲ್ಸಸ್ ಲೈಬ್ರರಿ ಎಲ್ಲಾರೂ ಫೋಟೋ ತಗೀತಾರ, ನೀವೂ ತಗೀರಿ, ಆದ್ರ ಅಪ್ಪಾರಿಗೆ ಇದೊಂದು ಹೇಳ್ರಿ: ಅದು ಬರೇ ಲೈಬ್ರರಿ ಅಲ್ಲ, ಗೋರಿನೂ ಹೌದು. ರೋಮಿನ ಗವರ್ನರ್ ಆಗಿದ್ದ ಸೆಲ್ಸಸ್‌ಗ ಅವನ ಮಗ ಕಟ್ಟಿಸಿದ್ದು, ಅಪ್ಪನ ಶವಪೆಟ್ಟಿಗಿ ಪುಸ್ತಕದ ಕೋಣಿ ಕೆಳಗ ಐತಿ. ಈಗ ನಿಂತಿರೂ ಮುಂಭಾಗ ಭೂಕಂಪಕ್ಕ ಬಿದ್ದಿತ್ತು, 1970ರ ದಶಕದಾಗ ಆಸ್ಟ್ರಿಯಾದವರು ತುಂಡು ಹುಡುಕಿ ಹುಡುಕಿ ಮತ್ತ ಎಬ್ಬಿಸ್ಯಾರ.

ಟೆರೇಸ್ ಮನಿಗಳಿಗೆ ಬ್ಯಾರೆ ಟಿಕೆಟ್, ದುಬಾರಿ ಅಂತ ಭಾಳ ಮಂದಿ ಬಿಡ್ತಾರ. ನಾ ಅಂತೀನಿ, ಬ್ಯಾರೆ ಏನಾರ ಬಿಡ್ರಿ, ಇದನ್ನ ಬಿಡಬ್ಯಾಡ್ರಿ. ಶ್ರೀಮಂತರ ಮನಿಗಳು, ಮ್ಯಾಲ ಶೆಡ್ ಹಾಕ್ಯಾರ, ಒಳಗ ನೆಲದ ಮೊಸಾಯಿಕ್, ಗೋಡಿ ಚಿತ್ರ, ಬಿಸಿ ಗಾಳಿ ಹಾಯಿಸೂ ಮಣ್ಣಿನ ಕೊಳವಿ, ಯಾರೋ ಗೋಡಿ ಮ್ಯಾಲ ಗೀಚಿದ ಖರ್ಚಿನ ಲೆಕ್ಕ ಸೈತ ಉಳದಾವ. ರೋಮನ್ನರು ಅಂದ್ರ ಯುದ್ಧ, ರಾಜ ಅಷ್ಟ ಅಲ್ಲ, ಮನಿಗೆ ಏನು ತಂದ್ರು ಏನು ತಿಂದ್ರು ಅನ್ನೂದು ಅಲ್ಲೇ ಕಾಣಸ್ತದ. ಒಂದ ಮಾತು, ಒಳಗ ಪೂರ್ತಿ ಮೆಟ್ಟಲ, ಅಪ್ಪಾರಿಗೆ ಆಗದಿದ್ರ ಮೊದಲನೇ ಹಂತ ನೋಡಿ ಕೂಡಸ್ರಿ.

ಥಿಯೇಟರ್‌ನಾಗ ಸುಮಾರು 25,000 ಮಂದಿ ಕೂಡತಿದ್ರು. ಮ್ಯಾಲ ಹತ್ತೂದು ಬ್ಯಾಡ, ಕೆಳಗ ನಿಂತು ಬಂದರಿಗೆ ಹೋಗೂ ಅಗಲವಾದ ರಸ್ತೆ ನೋಡ್ರಿ. ರಸ್ತೆ ಐತಿ, ಕಡೀಕ ಸಮುದ್ರ ಇಲ್ಲ! ನದಿ ಹೂಳು ತಂದು ತಂದು ಬಂದರು ಮುಚ್ಚಿಬಿಡ್ತು, ಈಗ ಸಮುದ್ರ ಹಲವು ಕಿಲೋಮೀಟರ್ ಆಚೆ. ಅಷ್ಟು ದೊಡ್ಡ ಊರು ಸತ್ತಿದ್ದರ ಮುಖ್ಯ ಕಾರಣನ ಅದು, ಆ ಹೂಳ.

ಲಂಡನ್ನಿಂದ:
ಬೋಡ್ರಮ್ ಬಗ್ಗೆ ನಾನು ಹೇಳ್ತೀನಿ. ಸಮಾಧಿ ಜಾಗ ನಿಜಕ್ಕೂ ಒಂದು ಗುಂಡಿನೇ, ಕಂಬದ ತುಂಡುಗಳು, ಗೋರಿಗೆ ಇಳಿಯೋ ಮೆಟ್ಟಿಲು, ಪಕ್ಕದಲ್ಲೊಂದು ಚಿಕ್ಕ ಪ್ರದರ್ಶನ. ಕ್ರಿ.ಪೂ. 353ರಲ್ಲಿ ಮೌಸೋಲಸ್ ತೀರ್ಕೊಂಡ, ಅವನ ಹೆಂಡ್ತಿ (ಸೋದರಿನೂ ಹೌದು) ಆರ್ಟೆಮಿಸಿಯಾ ಕೆಲಸ ಮುಂದುವರೆಸಿದ್ಳು, ಸುಮಾರು 140 ಅಡಿ ಎತ್ತರ, ತುದಿಯಲ್ಲಿ ನಾಲ್ಕು ಕುದುರೆ ರಥ. ಮಧ್ಯಕಾಲದ ಭೂಕಂಪಗಳಲ್ಲಿ ಕುಸೀತು. ಆಮೇಲೆ ಸಂತ ಜಾನ್ ಪಂಗಡದ ಕ್ರಿಶ್ಚಿಯನ್ ಯೋಧರು ಬಂದರಿನ ಬಾಯಲ್ಲಿ ಕೋಟೆ ಕಟ್ಟೋಕೆ ಅದೇ ಕಲ್ಲು ಹೊತ್ಕೊಂಡೋದ್ರು, ಅಮೃತಶಿಲೆ ಸುಟ್ಟು ಸುಣ್ಣ ಮಾಡ್ಕೊಂಡ್ರು. ಹಾಗಾಗಿ ಗುಂಡಿ ನೋಡಿ ಬೇಜಾರಾಗಿ ವಾಪಸ್ ಹೊರಡ್ಬೇಡಿ, ಸೀದಾ ಕೋಟೆಗೆ ಹೋಗಿ, ಗೋಡೆಯಲ್ಲಿ ಹಸಿರು ಛಾಯೆಯ ಕಲ್ಲು ಕಾಣತ್ತೆ, ಏಳು ಅದ್ಭುತದಲ್ಲಿ ಒಂದರ ಮೈ ಆ ಗೋಡೆಯೊಳಗಿದೆ. ಕೋಟೆಯಲ್ಲೇ ಸಮುದ್ರ ತಳದ ಪುರಾತತ್ವದ ಮ್ಯೂಸಿಯಂ ಇದೆ, ಉಲುಬುರುನ್ ಹಡಗಿನ ಸಾಮಾನು ನೋಡೋಕೇ ಅರ್ಧ ದಿನ ಬೇಕು, ಕ್ರಿ.ಪೂ. 14ನೇ ಶತಮಾನದ ಹಡಗು, ಸುಮಾರು 10 ಟನ್ ತಾಮ್ರದ ಗಟ್ಟಿ ಹೇರ್ಕೊಂಡು ಮುಳುಗಿದ್ದು.

ಸಮಾಧಿಯ ಉಳಿದ ಶಿಲ್ಪಗಳಲ್ಲಿ ಬಹುಪಾಲು ನಮ್ಮೂರಲ್ಲಿವೆ. ಚಾರ್ಲ್ಸ್ ನ್ಯೂಟನ್ 1850ರ ದಶಕದಲ್ಲಿ ಅಗೆದು ಬ್ರಿಟಿಷ್ ಮ್ಯೂಸಿಯಂಗೆ ಸಾಗಿಸಿದ. 21ನೇ ಕೋಣೆಯಲ್ಲಿ ಮೌಸೋಲಸ್ ಅಂತ ಕರೆಯೋ ಆಳೆತ್ತರ ಮೀರಿದ ಮೂರ್ತಿ, ಗ್ರೀಕ್ ಪುರಾಣದ ಅಮೆಜಾನ್ ಅನ್ನೋ ವೀರ ಹೆಂಗಸರ ಜೊತೆ ಯುದ್ಧದ ಕೆತ್ತನೆಯ ಪಟ್ಟಿ, ರಥದ ಕುದುರೆಯ ಮುಂಭಾಗ, ಬಾಯಲ್ಲಿ ಮೂಲ ಕಂಚಿನ ಕಡಿವಾಣ ಇನ್ನೂ ಹಾಗೇ ಇದೆ. ವುಡ್ ತಂದ ಆರ್ಟೆಮಿಸ್ ಗುಡಿಯ ಕೆತ್ತನೆ ಇರೋ ಕಂಬದ ತುಂಡು ಕೂಡ ಇದೇ ಮ್ಯೂಸಿಯಂನಲ್ಲಿದೆ. ಪ್ರವೇಶ ಉಚಿತ. ಒಂದು ಊರಿನ ಅದ್ಭುತ ಇನ್ನೊಂದು ದೇಶದ ಕೋಣೆಯಲ್ಲಿರೋದು ನೋಡಿದಾಗ ನಂಗೆ ಪ್ರತಿ ಸಲ ಸಂಕಟ ಆಗತ್ತೆ, ಬೋಡ್ರಮ್‌ನವರು ವಾಪಸ್ ಕೇಳೋದು ನ್ಯಾಯ ಅಂತಾನೇ ನನ್ನ ಅಭಿಪ್ರಾಯ. ಆದ್ರೂ ನಿಮ್ಮ ಫ್ಲೈಟ್ ಲಂಡನ್ ಮೇಲೆ ಇದ್ರೆ ಅಪ್ಪನ್ನ ಖಂಡಿತ ಕರ್ಕೊಂಡ್ಬನ್ನಿ.

ಉಡುಪಿಯಿಂದ:
ಯಾರೂ ಅಫ್ರೋಡಿಸಿಯಾಸ್ ಅನ್ನೋ ಇನ್ನೊಂದು ಪ್ರಾಚೀನ ಪಟ್ಟಣದ ಹೆಸರೇ ಎತ್ಲಿಲ್ವಲ್ಲ! ಬಿಳಿ ಸುಣ್ಣದ ಮೆಟ್ಟಿಲುಗಳಿಗೆ ಹೆಸರಾದ ಪಾಮುಕ್ಕಲೆಯಲ್ಲಿ ಉಳ್ಕೊಂಡ್ರೆ ಅಲ್ಲಿಂದ ಒಂದು ದಿನಕ್ಕೆ ಹೋಗಿ ಬರ್ಬಹುದು. ಎಫೆಸಸ್‌ನ ಕಾಲು ಭಾಗದಷ್ಟೂ ಜನ ಇರಲ್ಲ. 1958ರಲ್ಲಿ ಆರಾ ಗ್ಯುಲರ್ ಅನ್ನೋ ಫೋಟೋಗ್ರಾಫರ್ ದಾರಿ ತಪ್ಪಿ ಗೆಯ್ರೆ ಅನ್ನೋ ಹಳ್ಳಿಗೆ ಬಂದಾಗ ಊರವ್ರು ರೋಮನ್ ಕಂಬಗಳ ತುಂಡನ್ನೇ ಚಹಾದಂಗಡಿಯಲ್ಲಿ ಮೇಜು ಮಾಡ್ಕೊಂಡಿದ್ರಂತೆ, ಅವ್ರ ಫೋಟೋಗಳಿಂದ ಜಗತ್ತಿಗೆ ಗೊತ್ತಾಯ್ತು. 1961ರಿಂದ ಕೆನಾನ್ ಎರಿಮ್ ಅನ್ನೋ ಪುರಾತತ್ವಜ್ಞರು ಅಗೆದ್ರು, 1990ರಲ್ಲಿ ತೀರ್ಕೊಳ್ಳೋವರೆಗೂ ಅದೇ ಕೆಲಸ, ಅವ್ರ ಸಮಾಧಿ ಅಲ್ಲೇ ಇದೆ. ಅಲ್ಲಿನ ಸ್ಟೇಡಿಯಂ ಸುಮಾರು 30,000 ಜನ ಹಿಡಿಯೋದು, ಕಲ್ಲಿನ ಸಾಲುಗಳು ಇವತ್ತಿಗೂ ಹೆಚ್ಚುಕಡಿಮೆ ಪೂರ್ತಿ ಇದಾವೆ. ನಿಮ್ಮ ತಂದೆಯವ್ರಿಗೆ ಇದು ಸುಲಭ, ಜಾಗ ಬಹುತೇಕ ಸಪಾಟು, ಪಾರ್ಕಿಂಗ್‌ನಿಂದ ಬಾಗಿಲವರೆಗೆ ಟ್ರ್ಯಾಕ್ಟರ್ ಗಾಡಿ ಇರತ್ತೆ. ಎಫೆಸಸ್ ಒಂದು ದಿನ, ಸೆಲ್ಚುಕ್ ಮ್ಯೂಸಿಯಂ ಕಂಬ ಎಲ್ಲ ಸೇರಿ ಇನ್ನೊಂದು ದಿನ ನಿಧಾನಕ್ಕೆ, ಪಾಮುಕ್ಕಲೆ ಅಫ್ರೋಡಿಸಿಯಾಸ್‌ಗೆ ಎರಡು, ಬೋಡ್ರಮ್‌ಗೆ ಒಂದೂವರೆ. ಟೈಮ್ ಸಾಲ್ದೇ ಇದ್ರೆ ಬೋಡ್ರಮ್ ಬಿಡಿ ಅಂತ ನಾನಂತೂ ಹೇಳ್ತೀನಿ, ಲಂಡನ್ನಿನವರು ಒಪ್ಪಲಿಕ್ಕಿಲ್ಲ.

ಕೇಳಿದವರು, ಮೈಸೂರು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಪ್ಪಂಗೆ ಎಲ್ಲಾ ಓದಿ ಹೇಳ್ದೆ, ಆ ಶಾಸನದ ದಾರಿಯ ಕಥೆ ಕೇಳಿ ಮೆಗ್ನೀಷಿಯಾ ಬಾಗಿಲು ಎಲ್ಲಿದೆ ಅಂತ ಆಗ್ಲೇ ಮ್ಯಾಪ್ ಹಿಡ್ಕೊಂಡು ಕೂತಿದಾರೆ. ಬೋಡ್ರಮ್ ಬಿಡಲ್ವಂತೆ. ಇನ್ನೊಂದು ಪ್ರಶ್ನೆ, ನಾವು ಪ್ಯೂರ್ ವೆಜ್, ಮತ್ತೆ ವೀಸಾ?

ಬೆಂಗಳೂರಿಂದ:
ವೀಸಾ: ನಿಮ್ಮ ಹತ್ರ ಚಾಲ್ತಿಯಲ್ಲಿರೋ ಅಮೆರಿಕ, ಯುಕೆ ಅಥವಾ ಯುರೋಪಿನ ಷೆಂಗೆನ್ ವೀಸಾ ಇದ್ರೆ ಇ-ವೀಸಾ ಸಿಗತ್ತೆ, ಇಲ್ಲಾಂದ್ರೆ ಅರ್ಜಿ ಹಾಕಿ ಸ್ಟಿಕ್ಕರ್ ವೀಸಾ ಮಾಡಿಸ್ಬೇಕು, ಈಗ್ಲೇ ಶುರು ಮಾಡಿ, ನಿಯಮಗಳು ಬದಲಾಗ್ತಾ ಇರತ್ವೆ. ಊಟಕ್ಕೆ ತೊಂದ್ರೆ ಇಲ್ಲ, ಬೇಳೆ ಸೂಪ್ ಎಲ್ಲಾ ಕಡೆ ಇರತ್ತೆ, ಆದ್ರೆ ಮಾಂಸದ ಸಾರಲ್ಲಿ ಮಾಡಿದಾರಾ ಅಂತ ಕೇಳ್ಕೊಳ್ಳಿ, ಗ್ಯೋಜ್ಲೆಮೆ ಅಂತ ಸೊಪ್ಪು, ಚೀಸ್, ಆಲೂ ತುಂಬಿದ ರೊಟ್ಟಿ ಕಣ್ಮುಂದೇನೇ ಮಾಡಿ ಕೊಡ್ತಾರೆ. ಮೆಗ್ನೀಷಿಯಾ ಬಾಗಿಲು ಎಫೆಸಸ್ ಮೇಲಿನ ಗೇಟಿನ ಕಡೆಗೇ ಇದೆ, ಟ್ಯಾಕ್ಸಿಯವನಿಗೆ ಮೊದ್ಲೇ ಹೇಳಿಡಿ.